ಅಮ್ಮ ನೋಡುವ ಟಿವಿಯನ್ನೇ ಇಲ್ಲಿಂದ ನೋಡಬೇಕು, ಕೇಳಬೇಕು: ದಾರಿ ಗೊತ್ತಿದ್ದವರು ಹೇಳಿ

ತುಂಗೆಯ ದಡ · ಸೆಪ್ಟೆಂಬರ್ 21

ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡುತ್ತೇನೆ. ಊರು ತೀರ್ಥಹಳ್ಳಿ. ಮನೆಯಲ್ಲಿ ಅಮ್ಮ ಒಬ್ಬರೇ. ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು.

ಸಂಜೆ ಏಳಕ್ಕೆ ದೇವರಿಗೆ ದೀಪ ಹಚ್ಚಿ ಅಮ್ಮ ಟಿವಿ ಹಾಕುತ್ತಾರೆ. ಒಂಬತ್ತೂವರೆಗೆ ಆರಿಸುತ್ತಾರೆ. ಮಧ್ಯೆ ಎರಡು ಧಾರಾವಾಹಿ, ಚಂದನದ ರಸಪ್ರಶ್ನೆ, ಸ್ವಲ್ಪ ವಾರ್ತೆ. ನಾನು ಊರಲ್ಲಿದ್ದಾಗ ಪಕ್ಕದಲ್ಲಿ ಕೂತಿರುತ್ತಿದ್ದೆ. ಅಮ್ಮ ಮರುದಿನದ ಪೂಜೆಗೆ ಹೂ ಕಟ್ಟುತ್ತಾ ಟಿವಿ ಕಡೆ ತಲೆ ಎತ್ತುತ್ತಿದ್ದುದೇ ಅಪರೂಪ. "ಇವಳು ಈಗ ಸುಳ್ಳು ಹೇಳ್ತಾಳೆ ನೋಡು" ಅನ್ನುತ್ತಿದ್ದರು, ಅದು ಹಾಗೇ ಆಗುತ್ತಿತ್ತು.

ನನಗೆ ಬೇಕಿರುವುದು ಧಾರಾವಾಹಿ ಅಲ್ಲ. ಅದು ಆಪ್‌ನಲ್ಲಿ ಸಿಗುತ್ತದೆ. ನಮ್ಮ ಮನೆ ಟಿವಿಯಲ್ಲಿ ಆ ಹೊತ್ತಿಗೆ ಏನು ಓಡುತ್ತಿದೆಯೋ ಅದು ಬೇಕು. ಅಮ್ಮ ಚಾನೆಲ್ ಬದಲಾಯಿಸಿದರೆ ನನ್ನ ಕಡೆಯೂ ಬದಲಾಗಬೇಕು. ಫೋನಿನಲ್ಲಿ ಮಾತಾಡುತ್ತಾ ಇಬ್ಬರೂ ಒಂದೇ ದೃಶ್ಯ ನೋಡಬೇಕು.

ವಿಡಿಯೊ ಕಾಲ್ ಮಾಡಿ ನೋಡಿದೆವು. ಅಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಟಿವಿ ಕಡೆ ತಿರುಗಿಸಿಟ್ಟರು. ಚಿತ್ರ ಹೇಗೋ ಕಾಣುತ್ತದೆ, ಆದರೆ ಟಿವಿ ದನಿ ತುಂಡು ತುಂಡಾಗುತ್ತದೆ. ಅಮ್ಮ ಮಾತಾಡಿದರೆ ಚೆನ್ನಾಗಿ ಕೇಳಿಸುತ್ತದೆ, ಟಿವಿ ಮಾತ್ರ ನುಂಗಿಹೋಗುತ್ತದೆ.

ಮನೆಯಲ್ಲಿ ಫೈಬರ್ ಇದೆ, ಅಪ್‌ಲೋಡ್ 20 ಎಂಬಿಪಿಎಸ್ ತೋರಿಸುತ್ತದೆ. ಟಿವಿಗೆ ಡಿಟಿಎಚ್ ಬಾಕ್ಸ್. ದೀಪಾವಳಿಗೆ ಮೂರು ವಾರ ಊರಿಗೆ ಹೋಗುತ್ತೇನೆ. ಏನು ತಗೊಂಡು ಹೋಗಲಿ?


ಬಯಲುಸೀಮೆ · ಸೆಪ್ಟೆಂಬರ್ 21

ಇಷ್ಟೆಲ್ಲ ಯಾಕೆ ಮೇಡಂ? ದೊಡ್ಡ ವಾಹಿನಿಗಳಿಗೆಲ್ಲ ಆಪ್ ಇದೆ. ಚಂದನ ಯೂಟ್ಯೂಬ್‌ನಲ್ಲೇ ಬರುತ್ತದೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ವೇವ್ಸ್ ಅಂತ ತನ್ನದೇ ಆಪ್ ಬಿಟ್ಟಿದೆ, ಅದರಲ್ಲಿ ನೇರ ಪ್ರಸಾರವೂ ಇದೆ. ಅಮ್ಮನಿಗೆ ಫೋನ್ ಮಾಡಿ ಯಾವ ಚಾನೆಲ್ ಅಂತ ಕೇಳಿ, ನೀವೂ ಅದನ್ನೇ ಹಾಕಿಕೊಳ್ಳಿ.


ರಾತ್ರಿ ಪಾಳಿ · ಸೆಪ್ಟೆಂಬರ್ 21

ಬಯಲುಸೀಮೆ ಅಣ್ಣ, ಅವರು ಕೇಳಿದ್ದು ಅದಲ್ಲ. ನಾನು ಕುಂದಾಪುರದವಳು, ಐರ್ಲೆಂಡ್‌ನಲ್ಲಿ ನರ್ಸ್. ಆಪ್ ನನ್ನ ಹತ್ತಿರವೂ ಇದೆ. ಆಪ್‌ನಲ್ಲಿ ನೋಡಿದರೆ ಒಬ್ಬಳೇ ಕೂತು ನೋಡಿದ ಹಾಗೆ. ಮನೆ ಟಿವಿಯಲ್ಲಿ ಅಪ್ಪ ಜಾಹೀರಾತು ಬಂದ ಕೂಡಲೇ ಮ್ಯೂಟ್ ಮಾಡುತ್ತಾರಲ್ವಾ, ಆ ಮೌನವೂ ಬೇಕು ನಮಗೆ.

ತುಂಗೆಯ ದಡ ಅಕ್ಕ, ಇದು ಆಗುತ್ತದೆ. ನಾನು ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ, ಚಿತ್ರ ಇಲ್ಲದೆ ಬರೀ ದನಿ. ಆಮೇಲೆ ಬರೆಯುತ್ತೇನೆ, ಈಗ ಡ್ಯೂಟಿಗೆ ಹೊರಟೆ.


ಪೆಂಗ್ವಿನ್ ಬೆಂಗಳೂರು · ಸೆಪ್ಟೆಂಬರ್ 22

ಮೊದಲು ವಿಡಿಯೊ ಕಾಲ್ ವಿಷಯ. ಕಾಲ್ ಮಾಡುವ ಆಪ್‌ಗಳು ಮನುಷ್ಯರ ಮಾತನ್ನು ಎತ್ತಿ ಕೊಡಲು, ಹಿನ್ನೆಲೆ ಸದ್ದನ್ನು ಅಡಗಿಸಲು ಅಂತಲೇ ಮಾಡಿದವು. ಅವುಗಳ ಲೆಕ್ಕದಲ್ಲಿ ಟಿವಿ ಅಂದರೆ ಹಿನ್ನೆಲೆ ಗದ್ದಲ. ಹಾಡು ಬಂದರಂತೂ ಇನ್ನೂ ಕಷ್ಟ. ಅಮ್ಮನ ಮಾತು ಸರಿ, ಟಿವಿ ಮಾತ್ರ ಮಾಯ ಅಂತ ನೀವು ಹೇಳಿದಿರಲ್ಲ, ಕಾರಣ ಅದೇ. ಹಾಗಾಗಿ ದನಿಯನ್ನು ಗಾಳಿಯಿಂದ ಹಿಡಿಯಬಾರದು, ಬಾಕ್ಸಿನಿಂದ ತಂತಿಯಲ್ಲೇ ತೆಗೆಯಬೇಕು.

ಎರಡು ದಾರಿ ಇವೆ. ಒಂದು, ದೂರದರ್ಶನದ ಉಚಿತ ಸೇವೆಯಾದ ಫ್ರೀ ಡಿಶ್‌ನ ಛತ್ರಿ ಹಾಕಿ, ಚಾನೆಲ್ ಹಿಡಿಯುವ ಯುಎಸ್‌ಬಿ ಟ್ಯೂನರ್ ಇಟ್ಟು, ಸಣ್ಣ ಕಂಪ್ಯೂಟರಿನಲ್ಲಿ ಟಿವಿಹೆಡ್‌ಎಂಡ್ ಎಂಬ ಟಿವಿ ಕಳಿಸುವ ತಂತ್ರಾಂಶ ಓಡಿಸುವುದು. ಎರಡು, ಈಗಿರುವ ಡಿಟಿಎಚ್ ಬಾಕ್ಸಿನ ಹೊರಗಿನ ಸಿಗ್ನಲ್ಲನ್ನೇ ಹಿಡಿದು ಕಳಿಸುವುದು. ಅಮ್ಮ ನೋಡುತ್ತಿರುವುದೇ ಬೇಕು ಅಂದರೆ ಎರಡನೆಯದೇ. ಮೊದಲನೆಯದರಲ್ಲಿ ಚಾನೆಲ್ ನಿಮ್ಮ ಕೈಯಲ್ಲಿ, ಎರಡನೆಯದರಲ್ಲಿ ಅಮ್ಮನ ಕೈಯಲ್ಲಿ.

20 ಎಂಬಿಪಿಎಸ್ ಅಪ್‌ಲೋಡ್ ಧಾರಾಳ ಸಾಕು. ಹಳೆಯ ದರ್ಜೆಯ ಚಿತ್ರಕ್ಕೆ 1 ಎಂಬಿಪಿಎಸ್ ಇದ್ದರೂ ನೋಡುವ ಹಾಗಿರುತ್ತದೆ. ಗಂಟೆಗೆ 450 ಎಂಬಿ ಆಗುತ್ತದೆ, ಅಷ್ಟೇ.


ಸಾನ್ ಹೊಸೆ ಮೈಸೂರಿಗ · ಸೆಪ್ಟೆಂಬರ್ 22

ಇದನ್ನು ಓದಿ ಹಳೆಯದೆಲ್ಲ ನೆನಪಾಯಿತು. ಇದೇ ಕೆಲಸಕ್ಕೆ ಅಂತಲೇ ಒಂದು ಪೆಟ್ಟಿಗೆ ಇತ್ತು. ಸ್ಲಿಂಗ್‌ಬಾಕ್ಸ್. 2005ರ ಜೂನ್ 30ಕ್ಕೆ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅದನ್ನು ಹುಟ್ಟುಹಾಕಿದ ಕ್ರಿಕೋರಿಯನ್ ಅಣ್ಣತಮ್ಮಂದಿರು ಸ್ಯಾನ್ ಫ್ರಾನ್ಸಿಸ್ಕೊದ ಬೇಸ್‌ಬಾಲ್ ತಂಡದ ಅಭಿಮಾನಿಗಳು. ಊರೂರು ಸುತ್ತುವಾಗ ತಮ್ಮ ಮನೆ ಟಿವಿಯಲ್ಲಿ ಬರುವ ಆಟ ನೋಡಲಾಗುತ್ತಿಲ್ಲ ಅನ್ನುವ ಕೊರಗೇ ಅದಕ್ಕೆ ಮೂಲ. ಆ ಕಂಪನಿಗೆ ನಮ್ಮ ಬೆಂಗಳೂರಿನಲ್ಲೂ ಎಂಜಿನಿಯರಿಂಗ್ ತಂಡ ಇತ್ತು. 2007ರಲ್ಲಿ ಎಕೋಸ್ಟಾರ್ ಎಂಬ ಉಪಗ್ರಹ ಟಿವಿ ಕಂಪನಿ 38 ಕೋಟಿ ಡಾಲರ್‌ಗೆ ಅದನ್ನು ಕೊಂಡಿತು.

ನಾನು ಅದೇ ವರ್ಷ ಇಂಗ್ಲೆಂಡಿನ ಗೆಳೆಯನಿಂದ ಪಾಲ್ ಮಾದರಿಯದ್ದು (ನಮ್ಮ ದೇಶದ ಟಿವಿ ಸಿಗ್ನಲ್ಲಿಗೆ ಹೊಂದುವಂಥದ್ದು) ತರಿಸಿ ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಇಟ್ಟೆ. ಆಗ ನಮ್ಮ ದೇಶದಲ್ಲಿ 256 ಕಿಲೋಬಿಟ್ ಬಂದರೆ ಬ್ರಾಡ್‌ಬ್ಯಾಂಡ್ ಅಂತ ಕರೆಯುತ್ತಿದ್ದರು. ಚಿತ್ರ ಅಂಚೆಚೀಟಿಯಷ್ಟು. ಮುಖ ಯಾರದು ಅಂತ ದನಿ ಕೇಳಿ ಗುರುತಿಸಬೇಕು. ನಮ್ಮ ಪ್ಲಾನಿನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಡೇಟಾ ಲೆಕ್ಕ ಇರಲಿಲ್ಲ. ಹಾಗಾಗಿ ನಾನು ನೋಡುತ್ತಿದ್ದುದು ಬೆಳಗಿನ ಭಕ್ತಿಗೀತೆ, ಆಮೇಲೆ ವಾರ್ತೆ. ಅಲ್ಲಿ ಬೆಳಿಗ್ಗೆ ಆರು ಅಂದರೆ ಬೇಸಿಗೆಯಲ್ಲಿ ಇಲ್ಲಿ ಹಿಂದಿನ ಸಂಜೆ ಐದೂವರೆ. ಆಫೀಸಿನಿಂದ ಬಂದು ಶೂ ಬಿಚ್ಚುವ ಹೊತ್ತಿಗೆ ಮೈಸೂರಿನಲ್ಲಿ ಬೆಳಗಾಗುತ್ತಿತ್ತು. ತಂದೆ ಟಿವಿ ಹಾಕಿ ಕಾಫಿಗೆ ಹಾಲು ಕಾಯಿಸಲು ಹೋಗುತ್ತಿದ್ದರು ಅಂತ ನನಗೆ ಗೊತ್ತಾಗುತ್ತಿತ್ತು, ಹತ್ತು ನಿಮಿಷ ಚಾನೆಲ್ ಬದಲಾಗುತ್ತಲೇ ಇರಲಿಲ್ಲ.

ಆಮೇಲೆ ಒಳ್ಳೆ ಮಾಡೆಲ್ ಹಾಕಿಸಿದೆ, ಚಿತ್ರವೂ ಸ್ಪಷ್ಟವಾಯಿತು. ಆದರೆ 2020ರ ನವೆಂಬರ್‌ನಲ್ಲಿ ಕಂಪನಿ ಇದನ್ನು ನಿಲ್ಲಿಸುತ್ತೇವೆ ಎಂದಿತು. 2022ರ ನವೆಂಬರ್ 9ಕ್ಕೆ ಸರ್ವರ್ ಆರಿಸಿತು. ಪೆಟ್ಟಿಗೆ ನಮ್ಮ ಮನೆಯಲ್ಲಿ, ಇಂಟರ್‌ನೆಟ್ ನಮ್ಮದು, ಟಿವಿ ನಮ್ಮದು. ಆದರೂ ಅವರ ಸರ್ವರ್ ಹೂಂ ಅನ್ನದೆ ಬಾಗಿಲು ತೆರೆಯುವಂತಿರಲಿಲ್ಲ. ಒಂದೇ ದಿನದಲ್ಲಿ ಅದು ಬರೀ ಡಬ್ಬಿಯಾಯಿತು. ಅದಕ್ಕೇ ಹೇಳುತ್ತೇನೆ, ನೀವು ಮಾಡುವುದನ್ನು ಬೇರೆಯವರ ಸರ್ವರ್ ಮೇಲೆ ನಿಲ್ಲಿಸಬೇಡಿ.


ಹಳೇ ಆಂಟೆನಾ · ಸೆಪ್ಟೆಂಬರ್ 23

ನಾನು ಹಾಸನದಲ್ಲಿ ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದವನು. ಮಗಳೇ, ನಿನ್ನ ಕೆಲಸ ಸುಲಭ ಇದೆ.

ಡಿಟಿಎಚ್ ಬಾಕ್ಸಿನ ಹಿಂದೆ ಎಚ್‌ಡಿಎಂಐ ಒಂದು ಕಡೆ, ಎವಿ, ಅಂದರೆ ಹಳೇ ಟಿವಿಗಳಿಗೆ ಚಿತ್ರ, ದನಿ ಕೊಡುವ ತೂತು, ಒಂದು ಕಡೆ ಇರುತ್ತದೆ. ಎಚ್‌ಡಿಎಂಐ ಟಿವಿಗೆ ಹೋಗಿರುತ್ತದೆ. ಎವಿ ಸುಮ್ನೆ ಖಾಲಿ ಬಿದ್ದಿರುತ್ತದೆ. ಹೆಚ್ಚಿನ ಬಾಕ್ಸುಗಳಲ್ಲಿ ಎರಡರಲ್ಲೂ ಒಂದೇ ಹೊತ್ತಿಗೆ ಒಂದೇ ಚಿತ್ರ ಹೊರಗೆ ಬರುತ್ತದೆ. ಅಮ್ಮನ ಟಿವಿಯ ತಂತಿ ಮುಟ್ಟುವುದೇ ಬೇಡ. ಖಾಲಿ ಇರುವ ಎವಿಯಿಂದ ನೀನು ತಗೋ.

ಎಚ್‌ಡಿಎಂಐಯಿಂದ ಹಿಡಿಯಲು ಹೋದರೆ ಪರದೆ ಕಪ್ಪು. ನಕಲು ತಡೆಯುವ ಎಚ್‌ಡಿಸಿಪಿ ಬೀಗ ಹಾಕಿರುತ್ತಾರೆ. ಅಂಗಡಿಯವರು ಬೀಗ ತೆಗೆಯುವ ಸ್ಪ್ಲಿಟರ್ ಕೊಡುತ್ತೇವೆ ಅನ್ನುತ್ತಾರೆ, ಅದರ ತಂಟೆಗೆ ಹೋಗಬೇಡ.

ಹೋಗುವ ಮುಂಚೆ ಬಾಕ್ಸಿನ ಹಿಂಭಾಗದ ಫೋಟೊ ತೆಗೆದು ಕಳಿಸು ಅಂತ ಅಮ್ಮನಿಗೆ ಹೇಳು.


ತುಂಗೆಯ ದಡ · ಸೆಪ್ಟೆಂಬರ್ 24

ತುಂಬಾ ಥ್ಯಾಂಕ್ಸ್ ಸರ್. ಫೋಟೊ ಬಂತು. ಹಳದಿ, ಕೆಂಪು, ಬಿಳಿ ತೂತುಗಳಿಲ್ಲ. ಹೆಡ್‌ಫೋನ್ ಪಿನ್ ಹೋಗುವಂಥ ಒಂದೇ ತೂತು, ಮೇಲೆ ಎವಿ ಅಂತ ಇದೆ.


ಹಳೇ ಆಂಟೆನಾ · ಸೆಪ್ಟೆಂಬರ್ 24

ಅದೇ. 3.5 ಮಿ.ಮೀ. ಪಿನ್, ಅದರ ಮೇಲೆ ಮೂರು ಕಪ್ಪು ಉಂಗುರ ಇರುವ ಕೇಬಲ್ ಬೇಕು. ಎರಡು ಉಂಗುರದ್ದು ಬರೀ ಆಡಿಯೊ. ಒಂದು ಮಾತು ನೆನಪಿಟ್ಟುಕೋ: ಈ ಕೇಬಲ್‌ಗಳಲ್ಲಿ ಒಳಗಿನ ತಂತಿಯ ಕ್ರಮ ಒಂದೊಂದು ಕಂಪನಿಗೆ ಒಂದೊಂದು ಥರ. ನೋಡಲು ಎಲ್ಲ ಒಂದೇ.


ತುಂಗೆಯ ದಡ · ಅಕ್ಟೋಬರ್ 2

ಇವತ್ತು ಜಂಬೂ ಸವಾರಿ. ಬಯಲುಸೀಮೆ ಅವರು ಹೇಳಿದ ಹಾಗೆ ಮಾಡಿ ನೋಡಿದೆ. ಊಟದ ಬಿಡುವಿನಲ್ಲಿ ನಾನು ಯೂಟ್ಯೂಬ್‌ನಲ್ಲಿ ಚಂದನ ಹಾಕಿಕೊಂಡೆ, ಅಮ್ಮ ಅಲ್ಲಿ ಟಿವಿಯಲ್ಲಿ ಚಂದನ ಹಾಕಿದರು. ಕಿವಿಯಲ್ಲಿ ಫೋನು. ಅಮ್ಮ ಹೇಳುತ್ತಾರೆ, "ಅಂಬಾರಿ ಆನೆ ಬಂತು ನೋಡೇ, ಎಷ್ಟು ಚೆಂದ ಸಿಂಗಾರ ಮಾಡಿದ್ದಾರೆ." ನನ್ನ ಪರದೆಯಲ್ಲಿ ಇನ್ನೂ ಡೊಳ್ಳು ಕುಣಿತ. ನನಗೆ ಅಂಬಾರಿ ಬರುವಷ್ಟರಲ್ಲಿ ಅಮ್ಮ ಕೈಮುಗಿದು ಮುಗಿಸಿ ಬೇರೆ ಮಾತಿಗೆ ಹೋಗಿದ್ದರು. ಲೆಕ್ಕ ಹಾಕಿದೆ, ಅರ್ಧ ನಿಮಿಷಕ್ಕೂ ಜಾಸ್ತಿ ವ್ಯತ್ಯಾಸ.

ಬಯಲುಸೀಮೆ ಅವರೇ, ನಿಮ್ಮ ಸಲಹೆಗೆ ಬೇಜಾರಿಲ್ಲ. ಆದರೆ ಈ ಅರ್ಧ ನಿಮಿಷ ನಮ್ಮಿಬ್ಬರ ಮಧ್ಯೆ ತುಂಬಾ ದೊಡ್ಡದು.


ಬಯಲುಸೀಮೆ · ಅಕ್ಟೋಬರ್ 2

ಈಗ ಅರ್ಥವಾಯಿತು ಮೇಡಂ. ನಾನು ಯಾವತ್ತೂ ಫೋನು ಕಿವಿಯಲ್ಲಿಟ್ಟು ಟಿವಿ ನೋಡಿದವನಲ್ಲ, ಹಾಗಾಗಿ ಹೊಳೆದಿರಲಿಲ್ಲ. ಮುಂದುವರಿಸಿ, ನಾನೂ ಓದುತ್ತಿರುತ್ತೇನೆ.


ಪೆಂಗ್ವಿನ್ ಬೆಂಗಳೂರು · ಅಕ್ಟೋಬರ್ 3

ಆ ತಡ ಎಲ್ಲಿಂದ ಬರುತ್ತದೆ ಹೇಳುತ್ತೇನೆ, ಯಾಕೆಂದರೆ ನೀವು ಮಾಡುವಾಗಲೂ ಇದೇ ತಪ್ಪು ಆಗಬಹುದು.

ಇಂಥ ನೇರ ಪ್ರಸಾರದಲ್ಲಿ ವಿಡಿಯೊವನ್ನು ಕೆಲವು ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕಳಿಸುತ್ತಾರೆ. ನಿಮ್ಮ ಫೋನು ಒಂದೆರಡು ಮೂರು ತುಣುಕು ಕೂಡಿಟ್ಟುಕೊಂಡೇ ತೋರಿಸಲು ಶುರು ಮಾಡುತ್ತದೆ. ನೆಟ್‌ವರ್ಕ್ ಕುಂಟಿದರೂ ಚಿತ್ರ ನಿಲ್ಲಬಾರದು ಅಂತ. ಲಕ್ಷಾಂತರ ಜನರಿಗೆ ಕಳಿಸಲು ಅದು ಸರಿ. ಒಬ್ಬ ಮಗಳಿಗೆ ಕಳಿಸಲು ಬೇಡ.

ನಿಮಗೆ ಬೇಕಿರುವುದು ವೆಬ್‌ಆರ್‌ಟಿಸಿ. ವಿಡಿಯೊ ಕಾಲ್‌ನಲ್ಲಿ ಬಳಸುವ ತಂತ್ರವೇ, ಆದರೆ ಮೈಕಿನ ಬದಲು ಎವಿ ತಂತಿಯಿಂದ ದನಿ, ಗದ್ದಲ ಅಡಗಿಸುವ ಜಾಣತನ ಇಲ್ಲದೆ. ಮೀಡಿಯಾಎಂಟಿಎಕ್ಸ್ ಅಂತ ಒಂದು ಉಚಿತ ತಂತ್ರಾಂಶ ಇದೆ, ಅದರಲ್ಲಿ ಸಿಗುತ್ತದೆ. ತಡ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ.

ಸಾಮಾನು: ರಾಸ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್. ಪೈ 5 ಬೇಡ, ಅದರಲ್ಲಿ ವಿಡಿಯೊವನ್ನು ಎಚ್.264 ರೂಪಕ್ಕೆ ಕುಗ್ಗಿಸುವ ಪ್ರತ್ಯೇಕ ಹಾರ್ಡ್‌ವೇರ್ ತೆಗೆದುಬಿಟ್ಟಿದ್ದಾರೆ. ಎವಿ ಹಿಡಿಯಲು ಈಸಿಕ್ಯಾಪ್ ಥರದ ಯುಎಸ್‌ಬಿ ಡಾಂಗಲ್. ಹೊರಗಡೆ ಒಂದೇ ಥರ ಕಂಡರೂ ಒಳಗಿನ ಚಿಪ್ ಬೇರೆ ಬೇರೆ ಇರುತ್ತದೆ. ಎಸ್‌ಟಿಕೆ1160 ಅಥವಾ ಯುಟಿವಿ007 ಇದ್ದರೆ ಪೈಯಲ್ಲಿ ಓಡುವ ಲಿನಕ್ಸ್ ತಾನೇ ಗುರುತಿಸುತ್ತದೆ. ಎರಡು ಡಾಂಗಲ್ ತಗೊಂಡು ಹೋಗಿ, ಒಂದಾದರೂ ಕೆಲಸ ಮಾಡುತ್ತದೆ.

ಇನ್ನೊಂದು ದೊಡ್ಡ ಅಡ್ಡಿ ಸಿಜಿನ್ಯಾಟ್. ರೂಟರ್ ಒಳಗೆ ಹೋಗಿ ಹೊರಗಿನ ವಿಳಾಸ ನೋಡಿ. 100.64ರಿಂದ 100.127ರ ಒಳಗಿದ್ದರೆ ನಿಮ್ಮ ಮನೆಗೆ ಸ್ವಂತ ವಿಳಾಸ ಇಲ್ಲ, ಬಡಾವಣೆಗೆಲ್ಲ ಸೇರಿ ಒಂದೇ ಬಾಗಿಲು. ಪೋರ್ಟ್ ತೆರೆದರೂ ಉಪಯೋಗವಿಲ್ಲ. ಟೇಲ್‌ಸ್ಕೇಲ್ ಅಂತ ಒಂದು ಆಪ್ ಹಾಕಿಕೊಳ್ಳಿ, ಪೈಗೂ ನಿಮ್ಮ ಫೋನಿಗೂ. ಎರಡೂ ಒಂದೇ ಮನೆಯ ವೈಫೈಯಲ್ಲಿ ಇದ್ದ ಹಾಗೆ ನಡೆದುಕೊಳ್ಳುತ್ತವೆ.


ಸಾನ್ ಹೊಸೆ ಮೈಸೂರಿಗ · ಅಕ್ಟೋಬರ್ 3

ಪೆಂಗ್ವಿನ್ ಅವರೇ, ಟೇಲ್‌ಸ್ಕೇಲ್ ಕೂಡ ಒಂದು ಕಂಪನಿಯದೇ ಅಲ್ವಾ? ನಾಳೆ ಅವರೂ ಸರ್ವರ್ ಆರಿಸಿದರೆ? ನಾನು ಹದಿನೈದು ವರ್ಷ ನಂಬಿ ಕೆಟ್ಟವನು, ಅದಕ್ಕೇ ಕೇಳುತ್ತಿದ್ದೇನೆ.


ಪೆಂಗ್ವಿನ್ ಬೆಂಗಳೂರು · ಅಕ್ಟೋಬರ್ 3

ಕೇಳಬೇಕಾದ ಪ್ರಶ್ನೆಯೇ ಸರ್. ವ್ಯತ್ಯಾಸ ಇಷ್ಟೇ: ಚಿತ್ರ ಹಿಡಿಯುವುದು, ಕುಗ್ಗಿಸುವುದು, ಕಳಿಸುವುದು ಎಲ್ಲ ಪೈಯಲ್ಲೇ ನಡೆಯುತ್ತದೆ. ಅವರ ಸರ್ವರ್ ಸಾಮಾನ್ಯವಾಗಿ ಎರಡು ಸಾಧನಗಳಿಗೆ ಪರಿಚಯ ಮಾಡಿಸಿ ಪಕ್ಕಕ್ಕೆ ಸರಿಯುತ್ತದೆ. ಅದು ನಿಂತರೆ ಆ ಒಂದು ತುಂಡನ್ನು ಮಾತ್ರ ಬದಲಾಯಿಸಬೇಕು. ಆ ಸರ್ವರ್ ಮಾಡುವ ಕೆಲಸವನ್ನು ನಮ್ಮದೇ ಸರ್ವರಿನಲ್ಲಿ ಮಾಡಲು ಹೆಡ್‌ಸ್ಕೇಲ್ ಇದೆ. ಮನೆಗೆ ಐಪಿವಿ6, ಅಂದರೆ ಹೊಸ ಬಗೆಯ ಸ್ವಂತ ವಿಳಾಸ, ಇದ್ದರೆ ಎರಡು ಸಾಧನಗಳನ್ನು ನೇರ ಜೋಡಿಸುವ ವೈರ್‌ಗಾರ್ಡ್ ಹಾಕಬಹುದು, ಯಾರ ಹಂಗೂ ಇಲ್ಲ. ಆದರೆ ಮೊದಲ ಸಲ ಮಾಡುವವರಿಗೆ, ಅದೂ ಮೂರು ವಾರದ ರಜೆಯಲ್ಲಿ, ಸುಲಭದ ದಾರಿಯೇ ಇರಲಿ ಅಂತ ನನ್ನ ಅಭಿಪ್ರಾಯ.

ಮನೆಯ ವಿಡಿಯೊಗಳನ್ನು ಬೇರೆಡೆ ತೋರಿಸುವ ಪ್ಲೆಕ್ಸ್ ತಂತ್ರಾಂಶದ ಬಗ್ಗೆ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ: 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗಿಂದ ನೋಡಲು ಅದರಲ್ಲಿ ದುಡ್ಡು ಕೊಡಬೇಕು. ಅದೇ ಥರದ ಜೆಲ್ಲಿಫಿನ್ ಉಚಿತ.


ಮಸ್ಕತ್ ಕನ್ನಡಿಗ · ಅಕ್ಟೋಬರ್ 5

ಒಳ್ಳೆ ಚರ್ಚೆ. ನಾವಿಲ್ಲಿ ನಲವತ್ತು ಕನ್ನಡ ಮನೆಗಳಿದ್ದೇವೆ. ಅಕ್ಕ, ನಿಮ್ಮದು ಸಿದ್ಧವಾದ ಮೇಲೆ ಆ ಲಿಂಕ್ ಕೊಟ್ಟರೆ ನಾವೂ ನೋಡಬಹುದಲ್ವಾ? ತಿಂಗಳಿಗೆ ಸ್ವಲ್ಪ ಸ್ವಲ್ಪ ಹಣ ಹಾಕಿ ನಿಮ್ಮ ಡಿಟಿಎಚ್ ರೀಚಾರ್ಜ್ ನಾವೇ ನೋಡಿಕೊಳ್ಳುತ್ತೇವೆ.


ಕಪ್ಪು ಕೋಟು · ಅಕ್ಟೋಬರ್ 5

ದಯವಿಟ್ಟು ಇದನ್ನು ಮಾಡಬೇಡಿ. ನಾನು ವಕೀಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಂ ಪ್ರಕಾರ ಪ್ರಸಾರ ಮಾಡಿದವರಿಗೆ ತಮ್ಮ ಪ್ರಸಾರದ ಮೇಲೆ 25 ವರ್ಷದ ಹಕ್ಕು ಇರುತ್ತದೆ. ಅನುಮತಿ ಇಲ್ಲದೆ ಮರುಪ್ರಸಾರ ಮಾಡುವುದು, ಹಣ ತಗೊಂಡು ಸಾರ್ವಜನಿಕರಿಗೆ ತೋರಿಸುವುದು ತಪ್ಪು. ನಲವತ್ತು ಮನೆಗೆ ಲಿಂಕ್ ಕೊಟ್ಟು ಹಣ ಕೂಡಿಸಿದರೆ ನೇರವಾಗಿ ಅಲ್ಲಿಗೇ ಬರುತ್ತದೆ. ಸದುದ್ದೇಶ ಅಂತ ಹೇಳಿದರೆ ನಡೆಯುವುದಿಲ್ಲ. 39ನೇ ಕಲಂನಲ್ಲಿ ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಳ್ಳಲು ವಿನಾಯಿತಿ ಇದೆ. ತನ್ನ ಮನೆಯ ಟಿವಿಯನ್ನು ದೂರದಿಂದ ತಾನೇ ನೋಡುವ ಬಗ್ಗೆ ಕಾಯ್ದೆಯಲ್ಲಿ ಪ್ರತ್ಯೇಕ ಸಾಲು ಇಲ್ಲ. ಹಾಗಾಗಿ ಅಮ್ಮ, ಮಗಳು, ಅಷ್ಟಕ್ಕೇ ಇರಲಿ. ಡಿಟಿಎಚ್ ಕಂಪನಿಯ ಒಪ್ಪಂದವನ್ನೂ ಒಮ್ಮೆ ಓದಿಕೊಳ್ಳಿ.

ಹಳೇ ಆಂಟೆನಾ ಅವರು ಸ್ಪ್ಲಿಟರ್ ಬೇಡ ಎಂದದ್ದೂ ಸರಿ. 2012ರ ತಿದ್ದುಪಡಿಯಲ್ಲಿ 65ಎ ಕಲಂ ಸೇರಿದೆ, ಹಕ್ಕು ಮುರಿಯುವ ಉದ್ದೇಶದಿಂದ ರಕ್ಷಣೆಯ ಬೀಗ ಒಡೆಯುವುದೂ ಅಪರಾಧ.

ಅಮೆರಿಕದಲ್ಲಿ ಏರಿಯೊ ಅಂತ ಒಂದು ಕಂಪನಿ ಪ್ರತಿ ಗ್ರಾಹಕನಿಗೂ ಒಂದೊಂದು ಪುಟ್ಟ ಆಂಟೆನಾ ಬಾಡಿಗೆಗೆ ಕೊಟ್ಟು ಇಂಟರ್‌ನೆಟ್‌ನಲ್ಲಿ ಟಿವಿ ತೋರಿಸುತ್ತಿತ್ತು. ಒಬ್ಬೊಬ್ಬರಿಗೂ ಬೇರೆ ಆಂಟೆನಾ, ಹಾಗಾಗಿ ಇದು ಖಾಸಗಿ ಅಂತ ವಾದ. 2014ರ ಜೂನ್ 25ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ.


ಮಸ್ಕತ್ ಕನ್ನಡಿಗ · ಅಕ್ಟೋಬರ್ 5

ಸರಿ ಸರ್, ಕೈಬಿಟ್ಟೆ. ನಮ್ಮ ತಾಯಿ ಮನೆಗೆ ಇಂಥದ್ದೇ ಒಂದು ನಾನೇ ಮಾಡಿಕೊಳ್ಳುತ್ತೇನೆ.


ರಾತ್ರಿ ಪಾಳಿ · ಅಕ್ಟೋಬರ್ 8

ಅವತ್ತು ಅರ್ಧಕ್ಕೆ ನಿಲ್ಲಿಸಿದ್ದೆ. ನನ್ನದು ಬರೀ ದನಿ ಅಂದೆನಲ್ಲ, ಯಾಕೆ ಅಂತ ಹೇಳುತ್ತೇನೆ.

ಅಪ್ಪನಿಗೆ ಗ್ಲಾಕೋಮಾ. ಟಿವಿ ಅವರಿಗೆ ಕಾಣುವುದೇ ಇಲ್ಲ, ಕೇಳುತ್ತಾರೆ. ಯಕ್ಷಗಾನ ಬಂದರೆ ಭಾಗವತರ ದನಿ ಕೇಳಿಯೇ ರಂಗದ ಮೇಲೆ ಯಾರು ಬಂದರು ಹೇಳುತ್ತಾರೆ. ಅವರು ಕೇಳುವುದನ್ನೇ ನಾನೂ ಕೇಳಬೇಕು ಅಂತ ಆಸೆಯಾಯಿತು. ನನ್ನ ತಮ್ಮ ಎವಿಯ ಬಿಳಿ ಮತ್ತು ಕೆಂಪು ಪಿನ್ನನ್ನು ಮಾತ್ರ ಒಂದು ಯುಎಸ್‌ಬಿ ಸೌಂಡ್‌ಕಾರ್ಡಿಗೆ ಕೊಟ್ಟ. ದನಿ ಕುಗ್ಗಿಸುವ ಓಪಸ್ ರೂಪದಲ್ಲಿ ಸೆಕೆಂಡಿಗೆ 48 ಕಿಲೋಬಿಟ್. ಗಂಟೆಗೆ 22 ಎಂಬಿ ಕೂಡ ಆಗುವುದಿಲ್ಲ. ಬಸ್ಸಿನಲ್ಲಿ, ಅಡುಗೆ ಮಾಡುವಾಗ, ಬಟ್ಟೆ ಮಡಿಸುವಾಗ ಒಂದು ಕಿವಿಯಲ್ಲಿ ಕುಂದಾಪುರ ಇರುತ್ತದೆ.

ಚಿತ್ರ ಇದ್ದರೆ ಕೂತು ನೋಡಬೇಕು. ದನಿ ಇದ್ದರೆ ಕೆಲಸದ ಜೊತೆಗೇ ಮನೆಯಲ್ಲಿರಬಹುದು. ಅಕ್ಕ, ಅಮ್ಮ ಹೂ ಕಟ್ಟುತ್ತಾ ತಲೆ ಎತ್ತುವುದೇ ಅಪರೂಪ ಅಂದಿರಲ್ವಾ? ಅವರೂ ಕೇಳುವವರೇ. ನೀವೂ ಒಂದು ದನಿಯ ದಾರಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಟಿವಿ ದನಿ ಬರದಿದ್ದರೆ ಅಪ್ಪನಿಗೆ ಏನಾಯಿತೋ ಅಂತ ಮೊದಲ ತಿಂಗಳು ನಾನು ಪಕ್ಕದ ಮನೆಗೆಲ್ಲ ಫೋನ್ ಮಾಡಿಬಿಡುತ್ತಿದ್ದೆ. ಅಪ್ಪ ಒಂದು ದಿನ ಬೇಜಾರು ಮಾಡಿಕೊಂಡರು. "ನಾನು ಟಿವಿ ಹಾಕದೆ ಜಗಲಿಯಲ್ಲಿ ಕೂರಬಾರದಾ?" ಎಂದರು. ಅವತ್ತಿಂದ ನಿಲ್ಲಿಸಿದೆ. ನೀವು ಮೊದಲೇ ಅಮ್ಮನ ಹತ್ತಿರ ಮಾತಾಡಿಕೊಳ್ಳಿ.


ತುಂಗೆಯ ದಡ · ಅಕ್ಟೋಬರ್ 8

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇವತ್ತೇ ಅಮ್ಮನನ್ನು ಕೇಳುತ್ತೇನೆ. ಆಫೀಸಿನಲ್ಲಿ ಒಬ್ಬರು ಹಾಲ್‌ನಲ್ಲಿ ಕ್ಯಾಮೆರಾ ಇಡಿ, ಎಲ್ಲ ಕಾಣುತ್ತದೆ ಎಂದರು. ಅದು ನನಗೆ ಬೇಡ. ಅಮ್ಮನನ್ನು ಕಾಯುವುದು ನನ್ನ ಉದ್ದೇಶ ಅಲ್ಲ, ಜೊತೆಗೆ ಕೂರುವುದು.


ತುಂಗೆಯ ದಡ · ಅಕ್ಟೋಬರ್ 24

ಊರಿಂದ ಬರೆಯುತ್ತಿದ್ದೇನೆ. ದೀಪಾವಳಿ ಮುಗಿಯಿತು, ಕೆಲಸ ಶುರು ಮಾಡಿದೆ. ಎರಡು ದಿನದಿಂದ ಚಿತ್ರ ಬರುತ್ತಿಲ್ಲ. ಪೈ ಡಾಂಗಲ್ಲನ್ನು ಗುರುತಿಸಿದೆ. ಪರದೆ ಕಪ್ಪು, ಬಲಗಿವಿಯಲ್ಲಿ ಜೇನುಹುಳದ ಹಾಗೆ ಗುಂಯ್ ಅನ್ನುವ ಸದ್ದು. ಎಡಗಿವಿಯಲ್ಲಿ ಟಿವಿ ದನಿ ಸರಿಯಾಗಿಯೇ ಇದೆ.


ಹಳೇ ಆಂಟೆನಾ · ಅಕ್ಟೋಬರ್ 24

ಆ ಗುಂಯ್ ಅನ್ನುವುದೇ ನಿನ್ನ ಚಿತ್ರ ಮಗಳೇ. ವಿಡಿಯೊ ಸಿಗ್ನಲ್ ದನಿಯ ತಂತಿಗೆ ಹೋದರೆ ಹಾಗೇ ಕೇಳಿಸುತ್ತದೆ. ಕೇಬಲ್‌ನಲ್ಲಿ ಕ್ರಮ ಬೇರೆ ಇದೆ. ಹಳದಿ ಪಿನ್ ತೆಗೆದು ಕೆಂಪಿನ ಜಾಗಕ್ಕೆ, ಕೆಂಪು ತೆಗೆದು ಹಳದಿ ಜಾಗಕ್ಕೆ ಹಾಕು. ಬಣ್ಣ ನೋಡಬೇಡ.


ತುಂಗೆಯ ದಡ · ಅಕ್ಟೋಬರ್ 24

ಬಂತು! ಬಂತು ಸರ್! ಆದರೆ ಕಪ್ಪು ಬಿಳುಪು. ಮೇಲಕ್ಕೆ ಉರುಳುತ್ತಾ ಇದೆ.


ಪೆಂಗ್ವಿನ್ ಬೆಂಗಳೂರು · ಅಕ್ಟೋಬರ್ 24

ಬರುತ್ತಿರುವುದು ಅಮೆರಿಕದ ಎನ್‌ಟಿಎಸ್‌ಸಿ ಸಿಗ್ನಲ್ ಅಂತ ಡಾಂಗಲ್ ಅಂದುಕೊಂಡಿದೆ. ನಮ್ಮ ಬಾಕ್ಸು ಕೊಡುವುದು ಪಾಲ್. ಸೆಟ್ಟಿಂಗ್‌ನಲ್ಲಿ ಪಾಲ್ ಮಾಡಿ, 720 × 576, ಸೆಕೆಂಡಿಗೆ 25 ಚೌಕಟ್ಟು. ಅಂಚುಗಳಲ್ಲಿ ಬಾಚಣಿಗೆ ಹಲ್ಲಿನ ಥರ ಗೆರೆ ಕಂಡರೆ ಡಿಇಂಟರ್‌ಲೇಸ್ ಕೂಡ ಹಾಕಿ.


ತುಂಗೆಯ ದಡ · ಅಕ್ಟೋಬರ್ 25

ಬಣ್ಣ ಬಂತು. ಅಮ್ಮ ಹಾಲ್‌ನಲ್ಲಿ, ನಾನು ಒಳಗಿನ ಕೋಣೆಯಲ್ಲಿ ಮೊಬೈಲ್ ಡೇಟಾ ಹಾಕಿಕೊಂಡು ಪರೀಕ್ಷೆ ಮಾಡಿದೆವು. ಹಾಲ್‌ನಿಂದ ಟಿವಿ ದನಿ ನೇರವಾಗಿ ಕೇಳಿಸುತ್ತಿತ್ತು, ಅದರ ಹಿಂದೆಯೇ ಫೋನಿನಲ್ಲಿ, ಬಾವಿಯಲ್ಲಿ ಕೂಗಿದರೆ ಮರುದನಿ ಬರುವ ಹಾಗೆ. ಒಂದು ಸೆಕೆಂಡೂ ಇಲ್ಲ. ಅಮ್ಮ ಚಾನೆಲ್ ಬದಲಾಯಿಸಿ ಬದಲಾಯಿಸಿ "ಈಗ? ಈಗ ಏನು ಬರ್ತಿದೆ ಹೇಳು?" ಅಂತ ಕೂಗುತ್ತಿದ್ದರು. ನಾನು ಹೇಳಿದಾಗೆಲ್ಲ ನಗು.

ಪೈ ಪೆಟ್ಟಿಗೆಯನ್ನು ಟಿವಿ ಸ್ಟ್ಯಾಂಡಿನ ಹಿಂದೆ ಇಟ್ಟಿದ್ದೇನೆ. ಅಮ್ಮ ಅದಕ್ಕೂ ಒಂದು ಕ್ರೋಶಾ ಬಟ್ಟೆ ಹೊದಿಸಿದ್ದರು, ಬಿಸಿಯಾಗುತ್ತದೆ ಅಂತ ಹೇಳಿ ತೆಗೆಸಿದೆ.


ಹಳೇ ಆಂಟೆನಾ · ಅಕ್ಟೋಬರ್ 25

ತುಂಬಾ ಖುಷಿಯಾಯಿತು. ಮಲೆನಾಡಿನ ಕರೆಂಟ್ ಗೊತ್ತಲ್ಲ, ರೂಟರಿಗೆ ಒಂದು ಮಿನಿ ಯುಪಿಎಸ್ ಇಟ್ಟು ಬಾ. ಮಳೆಗಾಲದಲ್ಲಿ ಡಿಟಿಎಚ್ ಸಿಗ್ನಲ್ ಕೂಡ ಹೋಗುತ್ತದೆ, ಜೋರು ಮಳೆ ಆ ಅಲೆಗಳನ್ನು ಹೀರಿಕೊಳ್ಳುತ್ತದೆ. ಆಗ ಅಮ್ಮನಿಗೂ ಇಲ್ಲ, ನಿನಗೂ ಇಲ್ಲ.

ಚಂದನ ಒಂದಕ್ಕೆ ಬೇರೆ ಏರ್ಪಾಡು ಬೇಕಿದ್ದರೆ ಫ್ರೀ ಡಿಶ್ ಇದೆ, ತಿಂಗಳ ಬಾಡಿಗೆ ಇಲ್ಲ. ಅದು ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ. ನಿಮ್ಮೂರಿಂದ ಆಗ್ನೇಯಕ್ಕೆ, ಅರವತ್ತು ಡಿಗ್ರಿಗೂ ಮೇಲೆ ತಲೆ ಎತ್ತಿ ನೋಡಬೇಕು. ಹಾಗಾಗಿ ಅಡಿಕೆ ಮರ ಅಷ್ಟಾಗಿ ಅಡ್ಡ ಬರುವುದಿಲ್ಲ. ಆ ಉಪಗ್ರಹದ ಉಸ್ತುವಾರಿ ನಮ್ಮ ಹಾಸನದ ಇಸ್ರೋ ಕೇಂದ್ರದ್ದೇ ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ.


ಪೆಂಗ್ವಿನ್ ಬೆಂಗಳೂರು · ಅಕ್ಟೋಬರ್ 25

ಕರೆಂಟ್ ಅಂದ ಮೇಲೆ ಇದೂ ಮುಖ್ಯ. ಪೈ ಓಡುತ್ತಿರುವಾಗ ಪದೇ ಪದೇ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡುತ್ತದೆ. ಪೈ ಸೆಟ್ಟಿಂಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ. ಆಮೇಲೆ ಕಾರ್ಡಿಗೆ ಬರೆಯುವುದೇ ಇಲ್ಲ, ಎಷ್ಟು ಸಲ ಕರೆಂಟ್ ಹೋದರೂ ಎದ್ದು ನಿಲ್ಲುತ್ತದೆ. ಎಲ್ಲ ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆಯೇ ಮಾಡಿ. ಕಾರ್ಡಿನ ಒಂದು ನಕಲು ತೆಗೆದು ಅಮ್ಮನ ಬೀರುವಿನಲ್ಲಿಡಿ.


ತುಂಗೆಯ ದಡ · ಡಿಸೆಂಬರ್ 14

ತುಂಬಾ ದಿನ ಆಯ್ತು ಬರೆಯದೆ. ಕೇಳಿದವರಿಗಾಗಿ ವರದಿ.

ನಡೆಯುತ್ತಿದೆ. ಎರಡು ಸಲ ಮಾತ್ರ ನಿಂತಿತ್ತು. ಒಮ್ಮೆ ಫೈಬರ್ ತಂತಿ ಮೇಲೆ ಕೊಂಬೆ ಬಿದ್ದು ಮೂರು ದಿನ. ಇನ್ನೊಮ್ಮೆ ಅಮ್ಮ ಕಸ ಗುಡಿಸುವಾಗ ಎವಿ ಪಿನ್ ಸಡಿಲವಾಗಿತ್ತು, ಫೋನಿನಲ್ಲೇ ಹೇಳಿ ಹಾಕಿಸಿದೆ.

ಇಲ್ಲಿ ಅಕ್ಟೋಬರ್ ಕೊನೆಗೆ ಗಡಿಯಾರ ಹಿಂದಕ್ಕೆ ಹೋಯಿತು. ಮೂರೂವರೆ ಗಂಟೆಯ ಅಂತರ ಈಗ ನಾಲ್ಕೂವರೆ. ಅಮ್ಮನ ಸಂಜೆ ಏಳು ನನಗೆ ಮಧ್ಯಾಹ್ನ ಎರಡೂವರೆ, ಆಫೀಸಿನ ಹೊತ್ತು. ಹಾಗಾಗಿ ವಾರದ ದಿನಗಳಲ್ಲಿ ರಾತ್ರಿ ಪಾಳಿ ತಂಗಿ ಹೇಳಿದ ದನಿಯ ದಾರಿಯೇ. ನಾಲ್ಕೂವರೆಗೆ ರೈಲು ಹತ್ತಿ ಒಂದು ಕಿವಿಗೆ ಇಯರ್‌ಫೋನ್ ಹಾಕುತ್ತೇನೆ, ಕೊನೆಯ ಅರ್ಧ ಗಂಟೆ ಸಿಗುತ್ತದೆ. ರೈಲು ಸುರಂಗಕ್ಕೆ ಹೋದರೆ ದನಿ ನಿಲ್ಲುತ್ತದೆ, ಹೊರಗೆ ಬಂದಾಗ ಅಮ್ಮ ಅಷ್ಟರಲ್ಲಿ ಚಾನೆಲ್ ಬದಲಾಯಿಸಿರುತ್ತಾರೆ. ಒಂಬತ್ತೂವರೆಗೆ ಬಾಕ್ಸ್ ಆರಿಸುವಾಗ ಟಕ್ ಅಂತ ಒಂದು ಸಣ್ಣ ಸದ್ದು ಬರುತ್ತದೆ. ಅದು ಕೇಳಿಸಿದ ಮೇಲೆ ಫೋನ್ ಮಾಡುತ್ತೇನೆ. ಹಾಸಿಗೆ ಹಾಸುತ್ತಾ ಮಾತಾಡುತ್ತಾರೆ.

ಶನಿವಾರ, ಭಾನುವಾರ ಚಿತ್ರ ಹಾಕಿಕೊಂಡು ಪೂರ್ತಿ ಎರಡೂವರೆ ಗಂಟೆ ಇಬ್ಬರೂ ಕೂರುತ್ತೇವೆ. ನಿನ್ನೆ ರಸಪ್ರಶ್ನೆಯಲ್ಲಿ ಒಂದು ಗಾದೆಯ ಅರ್ಥ ಕೇಳಿದರು. ಇಬ್ಬರೂ ಒಂದೇ ಸಲ ಉತ್ತರ ಹೇಳಿದೆವು, ಟಿವಿಯವರಿಗಿಂತ ಮುಂಚೆ.

ಈಗ ಹೊಸ ಪ್ರಶ್ನೆ. ಕೊಪ್ಪದಲ್ಲಿರುವ ದೊಡ್ಡಮ್ಮ ತಮಗೂ ಬೇಕು ಅನ್ನುತ್ತಿದ್ದಾರೆ, ಅವರ ಮಗ ಪುಣೆಯಲ್ಲಿದ್ದಾನೆ. ಅಲ್ಲಿರುವುದು ಕೇಬಲ್ ಬಾಕ್ಸ್. ಎಚ್‌ಡಿಎಂಐ ಬಿಟ್ಟು ಬೇರೆ ತೂತು ಕಾಣುತ್ತಿಲ್ಲ ಅಂತ ಅಣ್ಣ ಹೇಳಿದ. ಏನು ಮಾಡಬಹುದು?


ಹಳೇ ಆಂಟೆನಾ · ಡಿಸೆಂಬರ್ 14

ಹಿಂಭಾಗದ್ದೂ ಪಕ್ಕದ್ದೂ ಫೋಟೊ ಹಾಕಿಸು. ಕೆಲವು ಬಾಕ್ಸುಗಳಲ್ಲಿ ಎವಿ ತೂತಿನ ಮೇಲೆ ರಬ್ಬರ್ ಮುಚ್ಚಳ ಇರುತ್ತದೆ, ಕೈಯಲ್ಲಿ ಮುಟ್ಟಿ ನೋಡದೆ ಗೊತ್ತಾಗುವುದಿಲ್ಲ.